ಕಹಿಯಿಲ್ಲದ ಮದ್ದು

ಕಾಪು ಪೇಟೆಯ ಡಾಕ್ಟರ್ ದೇವದಾಸರ ದವಾಖಾನೆಗೆ ಬರುವವರಲ್ಲಿ ಅರ್ಧ ಮಂದಿ ಡಾಕ್ಟರನ್ನು ನಂಬಿ ಬಂದರೆ, ಇನ್ನರ್ಧ ಮಂದಿ ಕಂಪೌಂಡರ್ ಮ್ಯಾಕ್ಸಿಮನ ನಾಲಿಗೆಯನ್ನು ನಂಬಿ ಬರುತ್ತಿದ್ದರು. ಮದ್ದು ಕಲಸಿ ಮುಗಿಸಿದ ಮೇಲೆ ಒಂದು ಹನಿಯನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಬೀಳಿಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ತುಸು ಹೊತ್ತು ನಿಂತು, ಆಮೇಲಷ್ಟೇ ಸೀಸೆಗೆ ಬಿರಡೆ ಹಾಕುವುದು ಅವನ ಪದ್ಧತಿ. ಹೀಗೆ ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮಂಗಳೂರಿನಲ್ಲಿ ಅವನಿಗೆ ಕೆಲಸ ಕಲಿಸಿದ ಮುದುಕ ಕಂಪೌಂಡರ್ ಹಾಗೆ ಮಾಡುತ್ತಿದ್ದ, ಇವನೂ ಮಾಡಿದ. ಯುದ್ಧ ಮುಗಿದ ವರ್ಷ ಮಲೇರಿಯಾ ಹಬ್ಬಿದಾಗ ಎಲ್ಲಿಂದಲೋ ಬಂದ ಒಂದು ಡಬ್ಬಿ ಕ್ವಿನೈನಿನಲ್ಲಿ ಅರ್ಧಕ್ಕರ್ಧ ಸೀಮೆಸುಣ್ಣ ಬೆರೆತದ್ದನ್ನು ಅವನು ಆ ಒಂದು ಹನಿಯಲ್ಲೇ ಹಿಡಿದುಬಿಟ್ಟ. ಅಂದಿನಿಂದ ಊರಿನಲ್ಲಿ ಅವನ ಮಾತಿಗೆ ಎದುರು ಮಾತಿಲ್ಲ. ಹತ್ತು ವರ್ಷ ಜನ ಹೊಗಳಿದರೆ ಯಾರ ತಲೆ ನೆಟ್ಟಗೆ ಉಳಿದೀತು? ಮ್ಯಾಕ್ಸಿಮನ ತಲೆಯೂ ಉಳಿಯಲಿಲ್ಲ. ಕಹಿ ಇದ್ದರೆ ಮದ್ದು, ಇಲ್ಲದಿದ್ದರೆ ಮೋಸ ಎಂಬುದು ಅವನಿಗೆ ಜಪಮಾಲೆಯ ಪ್ರಾರ್ಥನೆಯಷ್ಟೇ ಖಂಡಿತವಾಗಿತ್ತು.

ದವಾಖಾನೆಯಲ್ಲಿ ಅವನಲ್ಲದೆ ಇನ್ನೊಬ್ಬಳು ಇದ್ದಳು, ದಾದಿ ಝೀಟಾ. ಕಾರ್ಕಳದ ಕಡೆಯ ಹುಡುಗಿ, ಉಡುಪಿಯ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ತರಬೇತಿ ಮುಗಿಸಿ ಬಂದವಳು. ಇಪ್ಪತ್ತೇಳು ವರ್ಷ, ಮಾತು ಕಡಿಮೆ, ಕೈ ಚುರುಕು. ಇಂಜೆಕ್ಷನ್ ಎಂದರೆ ಕಿರುಚುವ ಮಕ್ಕಳು ಅವಳ ಮಡಿಲಲ್ಲಿ ಸುಮ್ಮನಾಗುತ್ತಿದ್ದವು. ಡಾಕ್ಟರು ಮೊದಲು ‘ಮ್ಯಾಕ್ಸಿಮ್’ ಎಂದು ಕರೆಯುತ್ತಿದ್ದ ಕಡೆ ಈಗ ‘ಝೀಟಾ’ ಎಂದು ಕರೆಯುವುದು ಹೆಚ್ಚಾಗಿತ್ತು. ಇದರಿಂದ ಮ್ಯಾಕ್ಸಿಮನ ಹೊಟ್ಟೆ ಉರಿಯಿತೋ ಎಂದು ಕೇಳಿದರೆ ಅವನು ಇಲ್ಲ ಎಂದೇ ಹೇಳುತ್ತಿದ್ದ. ಆದರೆ ಅವಳು ಮುಟ್ಟಿದ ಸೀಸೆಗಳನ್ನು ಅವನು ಎರಡೆರಡು ಸಲ ರುಚಿ ನೋಡುತ್ತಿದ್ದದ್ದು ನಿಜ.

ಐವತ್ತಾರನೆಯ ಇಸವಿಯ ಬೇಸಗೆಯಲ್ಲಿ ಕಡಲ ಕರೆಯ ವಾಸುವಿನ ಮಗಳು, ನಾಲ್ಕು ವರ್ಷದ ಜಲಜಳಿಗೆ ಟೈಫಾಯ್ಡ್ ಹಿಡಿಯಿತು. ವಾಸು ದೋಣಿಯವನು. ಅವನ ಹೆಂಡತಿ ನಳಿನಾಕ್ಷಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವಳು. ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ಎಂಬ ಮದ್ದು ಬಂದು ಆಗ ಕೆಲವೇ ವರ್ಷ. ಅದರ ಕಾಪ್ಸೂಲು ಸಿಕ್ಕರೆ ಜೀವ ಸಿಕ್ಕಿತೆಂದೇ ಲೆಕ್ಕ. ಕಹಿ ಎಂದರೆ ಅದರದ್ದು ಕಹಿ, ನೆಲಬೇವು ಅದರ ಮುಂದೆ ಪಾಯಸ. ನಾಲ್ಕು ವರ್ಷದ ಮಗು ಕಾಪ್ಸೂಲು ನುಂಗೀತೇ? ಬಿಚ್ಚಿ ಜೇನಿನಲ್ಲಿ ಕಲಸಿ ಕೊಟ್ಟರೆ ಕೊಟ್ಟಷ್ಟೂ ಕಕ್ಕಿತು. ಮಕ್ಕಳಿಗೆಂದೇ ಅದೇ ಮದ್ದಿನ ಬಿಳಿ ಸಿರಪ್ ಬಂದಿದೆಯೆಂದು ಡಾಕ್ಟರು ಎಲ್ಲೋ ಓದಿದ್ದರು, ಕಣ್ಣಲ್ಲಿ ಕಂಡಿರಲಿಲ್ಲ. ಚೀಟಿ ಬರೆದು ಝೀಟಾಳ ಕೈಯಲ್ಲಿ ಕೊಟ್ಟು ಉಡುಪಿಗೆ ಕಳಿಸಿದರು. ತಾವು ಅದೇ ದಿನ ತಮ್ಮ ಕಣ್ಣಿನ ಆಪರೇಷನ್ನಿಗೆಂದು ಮಂಗಳೂರಿಗೆ ಹೊರಟರು.

ಝೀಟಾ ಮಧ್ಯಾಹ್ನದ ಬಸ್ಸಿನಲ್ಲಿ ಸೀಸೆ ತಂದವಳು ಮೊದಲು ನೇರ ವಾಸುವಿನ ಮನೆಗೆ ಹೋಗಿ ಮಗುವಿಗೆ ಒಂದು ಚಮಚ ಕುಡಿಸಿ, ಉಳಿದದ್ದನ್ನು ದವಾಖಾನೆಗೆ ತಂದಿಟ್ಟಳು. ಮರುದಿನ ಬೆಳಿಗ್ಗೆ ನಳಿನಾಕ್ಷಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಾಗ ದವಾಖಾನೆಯ ಜಗಲಿಯಲ್ಲಿ ಇಪ್ಪತ್ತು ಜನರಾದರೂ ಇದ್ದರು. ಮ್ಯಾಕ್ಸಿಮ್ ಸೀಸೆಯನ್ನು ಕೈಗೆತ್ತಿಕೊಂಡ. ಸೀಸೆಗೆ ಅಂಟಿಸಿದ ಚೀಟಿಯ ಮೇಲೆ ಎರಡು ಪದಗಳಿದ್ದವು. ಮೊದಲನೆಯದು ತನಗೆ ಗೊತ್ತಿದ್ದ ಹೆಸರು, ಅದನ್ನು ಓದಿದ. ಎರಡನೆಯದರ ಗೋಜಿಗೆ ಹೋಗಲಿಲ್ಲ. ಮುಚ್ಚಳ ತೆಗೆದು ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿದ.

ಸಿಹಿ. ಬರೇ ಸಿಹಿ, ಹಿಂದಿನಿಂದ ಸ್ವಲ್ಪ ಹಿಟ್ಟಿನ ರುಚಿ. ಇನ್ನೊಂದು ಹನಿ ಹಾಕಿಕೊಂಡ. ಆಗಲೂ ಸಿಹಿಯೇ.

ಅವನು ಝೀಟಾಳನ್ನು ಒಳಗೆ ಕರೆದು ಕೇಳಬಹುದಿತ್ತು. ಉಡುಪಿಯ ಅಂಗಡಿಗೆ ಒಂದು ಸಾಲು ಬರೆದು ಕಳಿಸಬಹುದಿತ್ತು. ಡಾಕ್ಟರು ಬರುವವರೆಗೆ ಐದು ದಿನ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅವನು ಸೀಸೆ ಹಿಡಿದು ಜಗಲಿಗೇ ಬಂದ.

“ಮುಚ್ಚಳ ಮೊದಲೇ ತೆಗೆದದ್ದು ಯಾರು?” ಎಂದು ಎಲ್ಲರೆದುರು ಕೇಳಿದ.

“ನಾನೇ. ಮಗುವಿಗೆ ನಿನ್ನೆ ಒಂದು ಚಮಚ ಕೊಟ್ಟೆ.”

“ಹಾಗಾದರೆ ಮದ್ದು ಎಲ್ಲಿ ಉಂಟು ಝೀಟಾ? ಇದರಲ್ಲಿ ಸಕ್ಕರೆ ನೀರಲ್ಲದೆ ಬೇರೆ ಎಂತದೂ ಇಲ್ಲ.”

ಅವಳು ಕೊಟ್ಟದ್ದು ಇದನ್ನೇ, ತಂದದ್ದು ಇದನ್ನೇ ಎಂದಳು. ಮ್ಯಾಕ್ಸಿಮ್ ವಾದಕ್ಕೆ ನಿಲ್ಲಲಿಲ್ಲ. ಸಾಕ್ಷಿಗೆ ಜನ ಇದ್ದರಲ್ಲ. ಜಗಲಿಯಲ್ಲಿ ಕೂತವರ ಅಂಗೈಗೆ ತೀರ್ಥ ಕೊಟ್ಟ ಹಾಗೆ ಒಂದೊಂದು ಹನಿ ಹಾಕುತ್ತ ಹೋದ. ಕಾಪ್ಸೂಲಿನ ಕಹಿ ತಿಂದು ಬದುಕಿದ ಇಬ್ಬರು ಅವರಲ್ಲಿದ್ದರು. ಅವರು ನೆಕ್ಕಿ ನೋಡಿ, ಇದು ಆ ಮದ್ದೇ ಅಲ್ಲ ಎಂದು ತಲೆಯಾಡಿಸಿದರು. ಅಷ್ಟು ದುಬಾರಿಯ ಮದ್ದನ್ನು ದಾರಿಯಲ್ಲಿ ಯಾರಿಗೋ ಸುರಿದು ಕೊಟ್ಟು ಸಕ್ಕರೆ ನೀರು ತುಂಬಿಸಿ ತಂದಿದ್ದಾಳೆ ಎಂಬ ಮಾತನ್ನು ಮ್ಯಾಕ್ಸಿಮ್ ಬಾಯಿಬಿಟ್ಟು ಆಡಲಿಲ್ಲ. ಆಡುವ ಅಗತ್ಯವೂ ಬೀಳಲಿಲ್ಲ, ಜನರೇ ಆಡಿದರು. ಅವನು ಉಳಿದ ಮದ್ದನ್ನು ಎಲ್ಲರೂ ನೋಡುತ್ತಿರುವಂತೆ ಚರಂಡಿಗೆ ಸುರಿದ. ಝೀಟಾ ನಳಿನಾಕ್ಷಿಯ ಮುಖವನ್ನೊಮ್ಮೆ ನೋಡಿದಳು. ಒಳಗೆ ಹೋಗಿ ತನ್ನ ಕೊಡೆ ತೆಗೆದುಕೊಂಡು ಹೊರಟು ಹೋದಳು.

ಆ ಮಗು ಬದುಕಿತು. ಬದುಕಿದ್ದೇ ಝೀಟಾಳ ಪಾಲಿಗೆ ಕೇಡಾಯಿತು. ಕಾಪ್ಸೂಲಿನ ಪುಡಿಯನ್ನು ಎಳನೀರಿನಲ್ಲಿ, ಗಂಜಿಯಲ್ಲಿ, ಬಾಳೆಹಣ್ಣಿನಲ್ಲಿ ಬಚ್ಚಿಟ್ಟು ಕೊಟ್ಟು, ಮೂರು ಪಾಲು ಕಕ್ಕಿ ಒಂದು ಪಾಲು ಒಳಗುಳಿದು, ಹತ್ತು ದಿನದಲ್ಲಿ ಇಳಿಯಬೇಕಾದ ಜ್ವರ ಆರು ವಾರ ಎಳೆಯಿತು. ತಲೆಗೂದಲೆಲ್ಲ ಉದುರಿ ಎಲುಬಿನ ಗೂಡಾದ ಮಗು ಕೊನೆಗೂ ಎದ್ದು ಕೂತಾಗ, ಕಂಪೌಂಡರ ನಾಲಿಗೆ ಇಲ್ಲದಿದ್ದರೆ ಇದು ಉಳಿಯುತ್ತಿರಲಿಲ್ಲ ಎಂದು ಊರು ಕೊಂಡಾಡಿತು. ಮ್ಯಾಕ್ಸಿಮ್ ಬೇಡ ಬೇಡ ಎನ್ನುತ್ತಲೇ ಆ ಹೊಗಳಿಕೆಯನ್ನೆಲ್ಲ ತಿಂದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ ಡಾಕ್ಟರು ಎಲ್ಲ ಕೇಳಿ, ಸೀಸೆಯನ್ನಾದರೂ ಇಟ್ಟುಕೊಳ್ಳಬೇಕಿತ್ತು ಎಂದು ಗೊಣಗಿದರು. ಹೊಸ ಮದ್ದು, ಅವರಿಗೂ ಗೊತ್ತಿರಲಿಲ್ಲ. ಮತ್ತೊಮ್ಮೆ ತರಿಸಿ ನೋಡುವ ಗೋಜಿಗೆ ಅವರೂ ಹೋಗಲಿಲ್ಲ.

ಝೀಟಾಳಿಗೆ ಶಂಕರಪುರದ ಮಲ್ಲಿಗೆ ತೋಟದವರ ಮನೆಯ ಗಂಡು ಗೊತ್ತಾಗಿತ್ತು. ಇಗರ್ಜಿಯಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡು ಹೆಣ್ಣಿನ ಹೆಸರು ಕೂಗಬೇಕು, ಆಕ್ಷೇಪ ಇದ್ದವರು ಬಂದು ಹೇಳಬೇಕು. ಎರಡು ಭಾನುವಾರ ಕೂಗಿ ಆಗಿತ್ತು. ಮೂರನೆಯ ಭಾನುವಾರದ ಹೊತ್ತಿಗೆ ಗಂಡಿನ ಕಡೆಯವರೇ ಬೇಡವೆಂದರು. ಮಕ್ಕಳ ಬಾಯಿಯ ಮದ್ದು ಮಾರಿದವಳು ನಾಳೆ ಮನೆಯ ಎಂತದನ್ನು ಬಿಟ್ಟಾಳು ಎಂದು ಗಂಡಿನ ತಾಯಿ ಕೇಳಿದಳಂತೆ. ಈ ಸುದ್ದಿಯನ್ನು ಮ್ಯಾಕ್ಸಿಮನಿಗೆ ತಂದು ಹೇಳಿದವಳು ಅವನ ಹೆಂಡತಿ ಬರ್ತಾ. ಅವನು ಊಟದ ಬಟ್ಟಲಿನಿಂದ ತಲೆ ಎತ್ತದೆ, ಮಾಡಿದ್ದಕ್ಕೆ ಆಯಿತು ಎಂದ. ಬರ್ತಾ ಸಾರು ಬಡಿಸಿ ಒಳಗೆ ಹೋದಳು.

ಅರವತ್ತನೆಯ ಇಸವಿಯಲ್ಲಿ ಡಾಕ್ಟರ್ ದೇವದಾಸರು ತೀರಿಕೊಂಡರು. ದವಾಖಾನೆಗೆ ಬೀಗ ಬಿತ್ತು. ಐವತ್ತು ದಾಟಿದ ಕಂಪೌಂಡರನ್ನು ಯಾರು ಕರೆಯುತ್ತಾರೆ? ಬರೇ ಮುಳಿಹುಲ್ಲು ಬೆಳೆಯುತ್ತಿದ್ದ ಮಣಿಪಾಲದ ಗುಡ್ಡದ ಮೇಲೆ ಆಗ ಕಟ್ಟಡದ ಮೇಲೆ ಕಟ್ಟಡ ಏಳುತ್ತಿತ್ತು. ಅಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಮದ್ದಿನ ವಿಷಯ ಕಲಿಸುವ ಒಂದು ಪ್ರಯೋಗಶಾಲೆಯಲ್ಲಿ ಮ್ಯಾಕ್ಸಿಮನಿಗೆ ಅಟೆಂಡರ ಕೆಲಸ ಸಿಕ್ಕಿತು. ಗಾಜಿನ ಕೊಳವೆ ತೊಳೆಯುವುದು, ಸ್ಟವ್ ಹಚ್ಚುವುದು, ಬೆಳಿಗ್ಗೆ ಸಂತೆಕಟ್ಟೆಯ ಮಾಂಸದ ಅಂಗಡಿಯಿಂದ ಆಡಿನ ಕರುಳು, ಯಕೃತ್ತು ಇತ್ಯಾದಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ತರುವುದು. ಬಸ್ಸಿನಲ್ಲಿ ಪಕ್ಕ ಕೂತವರು ಡಬ್ಬಿಯಲ್ಲಿ ಏನೆಂದು ಕೇಳಿದರೆ ಐಸ್ ಎಂದಷ್ಟೇ ಹೇಳುತ್ತಿದ್ದ. ಕಲಿಸುತ್ತಿದ್ದವರು ಡಾಕ್ಟರ್ ರತ್ನಾವತಿ, ಎಲ್ಲೂರಿನವರು, ಮ್ಯಾಕ್ಸಿಮನ ಮಗಳ ವಯಸ್ಸು. ಮೊದಲ ದಿನವೇ ಅವನು ಯಾವುದೋ ದ್ರಾವಣವನ್ನು ಉಗುರಿಗೆ ಹಾಕಿ ನಾಲಿಗೆಯ ಹತ್ತಿರ ಒಯ್ದದ್ದನ್ನು ಕಂಡು, ಇಲ್ಲಿ ಯಾವುದನ್ನೂ ಬಾಯಿಗೆ ಇಡಕೂಡದು ಎಂದು ಗದರಿಸಿದ್ದರು. ಅವನು ಅದನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಅರವತ್ತೆರಡರ ಜುಲೈ ತಿಂಗಳ ಒಂದು ಬೆಳಿಗ್ಗೆ ಡಾಕ್ಟರಮ್ಮ ಪಾಠಕ್ಕೆಂದು ಒಂದು ಸೀಸೆ ತಂದು ಮೇಜಿನ ಮೇಲಿಟ್ಟರು. ಒಳಗೆ ಬಿಳಿ ಸಿರಪ್. ಚೀಟಿಯ ಮೇಲೆ ಎರಡು ಪದ. ಮ್ಯಾಕ್ಸಿಮ್ ಈ ಸಲ ಎರಡನ್ನೂ ಓದಿದ: ಕ್ಲೋರಾಂಫೆನಿಕಾಲ್ ಪಾಲ್ಮಿಟೇಟ್. ಕೈಯಲ್ಲಿದ್ದ ಕೊಳವೆಗಳನ್ನು ಮೇಜಿನ ಮೇಲಿಟ್ಟು ಮತ್ತೊಮ್ಮೆ ಓದಿದ.

ಪಾಠ ಇಂಗ್ಲಿಷಿನಲ್ಲಿ ನಡೆಯಿತು. ಮೂರು ಕೊಳವೆಗಳಲ್ಲಿ ಬಿಳಿ ಸಿರಪ್ ಹಾಕಿದರು. ಒಂದಕ್ಕೆ ನೀರು, ಇನ್ನೊಂದಕ್ಕೆ ಆಡಿನ ಕರುಳಿನಿಂದ ತೆಗೆದ ರಸ, ಮೂರನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಅದೇ ರಸ. ಮೈಯ ಬಿಸಿಯಷ್ಟೇ ಬಿಸಿನೀರಿನಲ್ಲಿ ಮೂರನ್ನೂ ಮಧ್ಯಾಹ್ನದವರೆಗೆ ಇಟ್ಟರು. ವಿದ್ಯಾರ್ಥಿಗಳು ಊಟಕ್ಕೆ ಹೋದ ಮೇಲೆ ಮ್ಯಾಕ್ಸಿಮ್ ಜೀವಮಾನದಲ್ಲಿ ಮೊದಲ ಸಲ ಒಬ್ಬರ ಎದುರು ಕೈಕಟ್ಟಿ ನಿಂತು ಪ್ರಶ್ನೆ ಕೇಳಿದ. ಕ್ಲೋರಾಂಫೆನಿಕಾಲ್ ಎಂದರೆ ಕಹಿ ಅಲ್ಲವೇ, ಇದು ಕಹಿ ಇರುವುದಿಲ್ಲವೇ ಎಂದ.

ರತ್ನಾವತಿಯವರು ಸಂತೋಷದಿಂದಲೇ ಹೇಳಿದರು. ಆ ಕಹಿ ಮದ್ದಿಗೆ ಒಂದು ಕೊಬ್ಬಿನ ಬಾಲ ಅಂಟಿಸಿದ್ದಾರೆ. ಹೀಗೆ ಆಮ್ಲವೊಂದನ್ನು ಬೆಸೆದು ಮಾಡಿದ್ದಕ್ಕೆ ಎಸ್ಟರ್ ಎಂದು ಹೆಸರು. ಬಾಲ ಇರುವವರೆಗೆ ಅದು ನೀರಿನಲ್ಲಿ ಕರಗದು, ಕರಗದ್ದು ನಾಲಿಗೆಗೆ ತಿಳಿಯದು. ಮಗು ಸಿಹಿಯೆಂದು ನೆಕ್ಕುತ್ತದೆ. ಹೊಟ್ಟೆ ದಾಟಿ ಸಣ್ಣ ಕರುಳಿಗೆ ಇಳಿದ ಮೇಲೆ ಅಲ್ಲಿನ ರಸದಲ್ಲಿರುವ ಕಿಣ್ವಗಳು ಆ ಬಾಲವನ್ನು ಕತ್ತರಿಸುತ್ತವೆ. ಆಗ ನಿಜವಾದ ಮದ್ದು, ಕಹಿ ಮದ್ದು, ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ಕುದಿಸಿದರೆ ಕಿಣ್ವ ಸಾಯುತ್ತದೆ, ಮೂರನೆಯ ಕೊಳವೆಯಲ್ಲಿ ಏನೂ ಆಗುವುದಿಲ್ಲ. “ಆಸ್ಪಿರಿನ್ ಕೂಡ ಎಸ್ಟರೇ. ಅದನ್ನು ಕರುಳಿನ ಗೋಡೆ ಸ್ವಲ್ಪ ಒಡೆಯುತ್ತದೆ, ಯಕೃತ್ತು ಇನ್ನಷ್ಟು ಒಡೆಯುತ್ತದೆ. ಕೆಲವು ಮದ್ದು ಒಡೆದ ಮೇಲೆ ಕೆಲಸ ಶುರು ಮಾಡ್ತದೆ, ಕೆಲವು ಒಡೆದರೆ ಕೆಲಸ ಮುಗಿಯಿತು. ನಾವು ಬಾಯಿಗೆ ಹಾಕಿದ್ದೇ ಒಂದು, ಒಳಗೆ ಹೋಗಿ ಆಗುವುದೇ ಇನ್ನೊಂದು, ಅಲ್ವಾ?” ಎಂದರು.

ಈ ಸಿರಪ್ ಬಂದು ಎಷ್ಟು ವರ್ಷವಾಯಿತು ಎಂದು ಅವನು ಕೇಳಿದ. ಹತ್ತು ವರ್ಷವಾದರೂ ಆಗಿರಬೇಕು ಎಂದು ಹೇಳಿ ಅವರೂ ಊಟಕ್ಕೆ ಹೊರಟರು.

ಸಂಜೆ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಕೊಳವೆ ತೊಳೆಯುವ ತೊಟ್ಟಿಯ ಎದುರು ಮ್ಯಾಕ್ಸಿಮ್ ಒಬ್ಬನೇ ನಿಂತ. ಮೊದಲನೆಯ ಕೊಳವೆಯಿಂದ ಒಂದು ಹನಿ ಉಗುರಿಗೆ ಬಿಟ್ಟು ನಾಲಿಗೆಗೆ ಮುಟ್ಟಿಸಿದ. ಸಿಹಿ. ಆರು ವರ್ಷದ ಹಿಂದೆ ಜಗಲಿಯಲ್ಲಿ ಎಲ್ಲರ ಅಂಗೈಗೆ ಹಾಕಿದ ಅದೇ ಸಿಹಿ. ಕುದಿಸಿದ ರಸದ್ದಕ್ಕೆ ಮಾಂಸದ ನೀರಿನ ವಾಸನೆ ಇತ್ತು, ಕಹಿ ಇರಲಿಲ್ಲ. ಎರಡನೆಯ ಕೊಳವೆಯ ಹನಿ ಹಾಕಿಕೊಂಡ. ಮೊದಲು ಆಡಿನ ಕರುಳಿನ ಹೊಲಸು ವಾಸನೆ, ಅದರ ಬೆನ್ನಿಗೇ ಕಹಿ. ನಾಲಿಗೆಯ ಬುಡದವರೆಗೆ ಇಳಿಯುವ, ಅವನು ನೂರು ಸಲ ಗುರುತು ಹಿಡಿದಿದ್ದ, ಸಂಶಯಕ್ಕೆ ಎಡೆಯೇ ಇಲ್ಲದ ಕಹಿ. ಆಡಿನ ಕರುಳು ಕಂಡುಹಿಡಿದದ್ದನ್ನು ಕಾಪುವಿನ ಕಂಪೌಂಡರ್ ಕಂಡುಹಿಡಿಯಲಿಲ್ಲ. ಅವನಿಗೆ ಅಳು ಬರಲಿಲ್ಲ. ಕಿವಿಯ ತುದಿಯವರೆಗೆ ಮುಖ ಬಿಸಿಯಾಯಿತು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ತಲೆ ಎತ್ತಲಾಗಲಿಲ್ಲ. ಆ ಮೂರು ಕೊಳವೆಗಳನ್ನು ಅವನು ಐದಾರು ಸಲ ತೊಳೆದ.

ಇಲ್ಲಿ ಮ್ಯಾಕ್ಸಿಮನ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಕಾಪುವಿನಲ್ಲಿ ಕುಳಿತ ಯಾವ ಕಂಪೌಂಡರಿಗೆ ಎಸ್ಟರ್ ಗೊತ್ತಿತ್ತು, ಕಿಣ್ವ ಗೊತ್ತಿತ್ತು? ಡಾಕ್ಟರಿಗೇ ಗೊತ್ತಿರಲಿಲ್ಲ. ಈ ಮಾತನ್ನು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುತ್ತ ಅವನೇ ಹತ್ತು ಸಲ ಹೇಳಿಕೊಂಡ. ತಿಳಿಯದೆ ಮಾಡಿದ್ದು, ಯಾರಾದರೂ ಹಾಗೆಯೇ ಮಾಡುತ್ತಿದ್ದರು ಎಂದುಕೊಂಡ. ಕಾಪು ತಲುಪುವ ಹೊತ್ತಿಗೆ ಎದೆ ಸ್ವಲ್ಪ ಹಗುರವೂ ಆಯಿತು. ಆ ವಾರದ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಯಾಕೆಂದು ತನಗೇ ಸರಿಯಾಗಿ ತಿಳಿಯದೆ, ಕಡಲ ಕರೆಯ ಕಡೆ ನಡೆದ. ಬಹುಶಃ ಮಗು ಚೆನ್ನಾಗಿರುವುದನ್ನು ಕಂಡರೆ ಇನ್ನಷ್ಟು ಹಗುರವಾದೀತು ಎಂದಿರಬೇಕು.

ಜಲಜ ಈಗ ಹತ್ತು ವರ್ಷದವಳು, ಎರಡು ಜಡೆ ಹಾಕಿಕೊಂಡು ಅಂಗಳದಲ್ಲಿ ಒಣಮೀನು ಕಾಯುತ್ತಿದ್ದಳು. ನಳಿನಾಕ್ಷಿ ಕಂಪೌಂಡರಿಗೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು ಉಪಚರಿಸಿದಳು. ಅವನು ಸುತ್ತು ಬಳಸಿ ವಿಷಯಕ್ಕೆ ಬಂದ. ಆ ದಿನದ ಮದ್ದು ಸುಳ್ಳು ಮದ್ದಲ್ಲ, ನಿಜವಾದದ್ದೇ, ಅದು ಬಾಯಿಗೆ ಸಿಹಿ ಇದ್ದು ಕರುಳಿನಲ್ಲಿ ಕಹಿಯಾಗುವ ಜಾತಿಯದು, ಈಗಷ್ಟೇ ಗೊತ್ತಾಯಿತು ಎಂದ. ಅವಳು ಆಶ್ಚರ್ಯಪಡುತ್ತಾಳೆ ಎಂದುಕೊಂಡಿದ್ದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

“ನನಗೆ ಆವತ್ತೇ ಗೊತ್ತಿತ್ತು ಕಂಪೌಂಡರೇ,” ಎಂದಳು. “ಸೀಸೆಯ ಮುಚ್ಚಳ ಝೀಟಾಬಾಯಿ ತೆಗೆದದ್ದು ಈ ಜಗಲಿಯಲ್ಲೇ, ನನ್ನ ಎದುರೇ. ಅಂಗಡಿಯವರು ಹಾಕಿದ ಅರಗು ಹಾಗೇ ಇತ್ತು, ನಮ್ಮ ಮೀನಿನ ಕತ್ತಿಯಲ್ಲಿ ಕೆತ್ತಿ ತೆಗೆದರು. ಮಗು ಕಕ್ಕಲಿಲ್ಲ. ಚಮಚ ನೆಕ್ಕಿ ಇನ್ನೂ ಬೇಕು ಅಂತ ಕೇಳಿತು. ಇಲ್ಲಿಂದ ದವಾಖಾನೆವರೆಗೆ ನಾನೂ ಒಟ್ಟಿಗೆ ಬಂದಿದ್ದೆ, ಬುಟ್ಟಿ ಹೊತ್ತುಕೊಂಡು. ಅವರು ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ.”

ಮ್ಯಾಕ್ಸಿಮ್ ಬೆಲ್ಲ ನೀರಿನ ಲೋಟ ಕೆಳಗಿಟ್ಟ. ಹಾಗಾದರೆ ಆ ದಿನ ಯಾಕೆ ಹೇಳಲಿಲ್ಲ ಎಂದ.

“ನೀವು ಕೇಳಿದ್ರಾ? ಜಗಲಿಯಲ್ಲಿ ಕೂತವರಿಗೆಲ್ಲ ರುಚಿ ನೋಡಿಸಿದ್ರಿ. ಎದುರು ನಿಂತಿದ್ದ ನನ್ನನ್ನು ಒಂದು ಮಾತು ಕೇಳಲಿಲ್ಲ. ಮಗುವಿನ ಜೀವ ನಿಮ್ಮ ಕೈಯಲ್ಲಿತ್ತು. ನಿಮಗೆ ಎದುರು ಮಾತಾಡಿದರೆ ನಾಳೆ ಮದ್ದು ಯಾರು ಕೊಡ್ತಾರೆ ಅಂತ ಹೆದರಿದೆ. ಝೀಟಾಬಾಯಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅದು ನನ್ನ ತಪ್ಪು, ಇಲ್ಲ ಅಂತ ನಾನು ಹೇಳುವುದಿಲ್ಲ.”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸಮಾಧಾನವೆಲ್ಲ ಅಲ್ಲಿಗೆ ಮುಗಿಯಿತು. ಎಸ್ಟರ್ ಬೇಕಾಗಿರಲಿಲ್ಲ, ಕಿಣ್ವ ಬೇಕಾಗಿರಲಿಲ್ಲ, ಗುಡ್ಡದ ಮೇಲಿನ ವಿದ್ಯೆ ಯಾವುದೂ ಬೇಕಾಗಿರಲಿಲ್ಲ. ಎರಡು ಮಾರು ದೂರದಲ್ಲಿ ನಿಂತಿದ್ದ ಒಬ್ಬ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲವೇಕೆಂದರೆ, ಕೇಳುವ ಮನಸ್ಸೇ ಅವನಿಗಿರಲಿಲ್ಲ. ಝೀಟಾ ತಪ್ಪಿತಸ್ಥೆಯಾಗುವುದು ಅವನಿಗೆ ಇಷ್ಟವಾಗಿತ್ತು. ಇದನ್ನು ಒಪ್ಪಿಕೊಳ್ಳಲು ಅವನಿಗೆ ಆರು ವರ್ಷ ಮತ್ತು ಕಡಲ ಕರೆಯಿಂದ ಮನೆಯವರೆಗಿನ ದಾರಿ ಬೇಕಾಯಿತು. ಮನೆಯಲ್ಲಿ ಬರ್ತಾ ಏನಾಯಿತೆಂದು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಬರ್ತಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಝೀಟಾ ಕಾರ್ಕಳದಲ್ಲಿ ಕ್ಲಾರಾಬಾಯಿ ಎಂಬವರ ಮನೆಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡಿದ್ದಾಳಂತೆ ಎಂದಷ್ಟೇ ಹೇಳಿದಳು. ಅದು ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತೋ, ಮ್ಯಾಕ್ಸಿಮ್ ಕೇಳಲಿಲ್ಲ.

ಮುಂದಿನ ಶನಿವಾರ ರಜೆ ಹಾಕಿ ಉಡುಪಿಯಿಂದ ಕಾರ್ಕಳದ ಬಸ್ಸು ಹತ್ತಿದ. ಮದುವೆಗೆ ಹೋಗುವಾಗಿನ ಬಿಳಿ ಕೋಟು ಹಾಕಿದ್ದ, ಹಿರಿಯಡ್ಕ ದಾಟುವ ಮೊದಲೇ ಅದು ತೀರ ಅಸಹ್ಯವೆನಿಸಿ ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದ. ನನ್ನಿಂದ ತಪ್ಪಾಯಿತು, ಕ್ಷಮಿಸಬೇಕು ಎಂಬುದನ್ನು ಕೊನೆಗಿಡುವುದೋ ಮೊದಲಿಗೇ ಹೇಳುವುದೋ ಎಂಬುದೇ ಬಗೆಹರಿಯಲಿಲ್ಲ.

ಕ್ಲಾರಾಬಾಯಿಯದು ಪೇಟೆಯಿಂದ ಸ್ವಲ್ಪ ಒಳಗಿನ ಹೆಂಚಿನ ಮನೆ. ಆಕೆ ದೊಡ್ಡ ದನಿಯ, ಒಳ್ಳೆಯ ಮನಸ್ಸಿನ ಹೆಂಗಸು. ಕಾಪುವಿನ ಕಂಪೌಂಡರೆಂದು ತಿಳಿದದ್ದೇ ಹುಬ್ಬೇರಿಸಿ, ಒಳಗೆ ಕರೆದು ಕೂರಿಸಿದಳು. ಚಾವಡಿಯ ಒಂದು ಬದಿಯ ಮಂಚದಲ್ಲಿ ಪಾರ್ಶ್ವವಾಯು ಬಡಿದ ಅವಳ ಅತ್ತೆ ಮಲಗಿದ್ದಳು. ಝೀಟಾ ಮುದುಕಿಯ ಬೆನ್ನು ಒರೆಸುತ್ತಿದ್ದಳು. ಮೂವತ್ತಮೂರು ವರ್ಷಕ್ಕೇ ಕಿವಿಯ ಬದಿ ನರೆತಿತ್ತು. ಅವನನ್ನು ಕಂಡು ಅವಳು ಎದ್ದು ನಿಂತಳು, ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು.

ಹಿಂದಿನ ಬಾಗಿಲಿಗೆ ಕರೆದು ಗುಟ್ಟಿನಲ್ಲಿ ಹೇಳುವುದು ಬೇಡವೆಂದು ಅವನು ಬಸ್ಸಿನಲ್ಲೇ ನಿರ್ಧರಿಸಿದ್ದ. ಅಷ್ಟು ಮಟ್ಟಿಗೆ ಅವನು ನೆಟ್ಟಗೆ ನಡೆದುಕೊಂಡ. ನಿಂತುಕೊಂಡೇ, ಮನೆಯವರ ಎದುರಿಗೇ, ಎಲ್ಲವನ್ನೂ ಹೇಳಿದ. ಸೀಸೆ, ಎರಡನೆಯ ಪದ, ಕೊಬ್ಬಿನ ಬಾಲ, ಆಡಿನ ಕರುಳಿನ ರಸ, ಮೂರು ಕೊಳವೆ. ನಳಿನಾಕ್ಷಿ ಹೇಳಿದ್ದನ್ನೂ ಹೇಳಿದ. ತನಗೆ ಹೊಟ್ಟೆಕಿಚ್ಚಿತ್ತು ಎಂಬುದನ್ನೂ ಹೇಳಿದ. “ನೀನು ತಂದದ್ದು ಸರಿಯಾದ ಮದ್ದು. ನೀನು ಕೊಟ್ಟ ಹಾಗೆ ಕೊಟ್ಟಿದ್ದರೆ ಆ ಮಗು ಆರು ವಾರ ನರಳುತ್ತಿರಲಿಲ್ಲ,” ಎಂದ.

ಝೀಟಾ ಒರೆಸುವ ಬಟ್ಟೆಯನ್ನು ಮಡಚಿ ಮಂಚದ ಅಂಚಿನಲ್ಲಿಟ್ಟಳು. ಕ್ಲಾರಾಬಾಯಿಗೇ ಕಣ್ಣಲ್ಲಿ ನೀರು ಬಂತು. ತಾನೂ ಆ ಸುದ್ದಿ ಕೇಳಿದವಳೇ ಎಂದಳು. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಯಾರೋ ಬಂದು ಎಚ್ಚರಿಸಿದ್ದರಂತೆ. ಅದಕ್ಕೇ ಅತ್ತೆಯ ಮದ್ದಿನ ಕಪಾಟಿನ ಬೀಗದ ಕೈ ಇಷ್ಟು ವರ್ಷ ತನ್ನ ಸೊಂಟದಲ್ಲೇ ಇತ್ತು, ಒಂದು ಹನಿ ಮದ್ದನ್ನೂ ಝೀಟಾಳ ಕೈಯಿಂದ ಕೊಡಿಸಿದ್ದಿಲ್ಲ. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು, ಮುದುಕಿಯ ಮದ್ದಿನ ಹೊತ್ತು. ಕ್ಲಾರಾಬಾಯಿ ಕಪಾಟು ತೆಗೆದು, ಸೀಸೆಯನ್ನೂ ಚಮಚವನ್ನೂ ಝೀಟಾಳ ಕಡೆಗೆ ಚಾಚಿದಳು.

“ಇನ್ನು ನೀನೇ ಕೊಡು ಮಗಾ,” ಎಂದಳು.

ಝೀಟಾ ಎರಡು ಕೈಗಳನ್ನೂ ಹಿಂದಕ್ಕೆ ಎಳೆದುಕೊಂಡಳು. “ಬೇಡ ಬಾಯಿ. ನೀವೇ ಕೊಡಿ.”

ಕ್ಲಾರಾಬಾಯಿ ಒತ್ತಾಯ ಮಾಡಿದಳು. ಝೀಟಾ ಸೀಸೆಯನ್ನು ತೆಗೆದುಕೊಂಡಳು, ಬಿರಡೆ ತೆಗೆದಳು, ಚಮಚಕ್ಕೆ ಬಗ್ಗಿಸಿದಳು. ಮದ್ದು ಚಮಚಕ್ಕೆ ಬೀಳಲಿಲ್ಲ, ಅವಳ ಸೀರೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಒಂದು ಕಾಲದಲ್ಲಿ ಕಿರುಚುವ ಮಕ್ಕಳ ತೋಳಿಗೆ ನೋವಾಗದಂತೆ ಸೂಜಿ ಚುಚ್ಚುತ್ತಿದ್ದ ಕೈ ಅದು. ಅವಳು ಸೀಸೆಯನ್ನು ಜೋಪಾನವಾಗಿ ಕಿಟಕಿಯ ದಂಡೆಯ ಮೇಲಿಟ್ಟಳು.

“ಮೊದಲು ನಾನು ಮಾಡಲಿಲ್ಲ ಅಂತ ನನಗೆ ಗೊತ್ತಿತ್ತು,” ಎಂದು ಮ್ಯಾಕ್ಸಿಮನಿಗೆ ಹೇಳಿದಳು. ಸಿಟ್ಟಿರಲಿಲ್ಲ, ದನಿ ಏರಲಿಲ್ಲ. “ಒಂದು ವರ್ಷ ಗಟ್ಟಿಯಾಗಿ ಗೊತ್ತಿತ್ತು. ಆಮೇಲೆ ಸಂಶಯ ಬಂತು. ಅಂಗಡಿಯಲ್ಲಿ ನಾನೇ ತಪ್ಪು ಸೀಸೆ ತೆಗೆದುಕೊಂಡೆನೋ, ಕುಲುಕಿದ್ದು ಸಾಲದೇ ಹೋಯಿತೋ, ಬಿಸಿಲಿನಲ್ಲಿ ತಂದದ್ದಕ್ಕೆ ಮದ್ದು ಕೆಟ್ಟಿತೋ ಅಂತ. ಇಪ್ಪತ್ತು ಜನ ರುಚಿ ನೋಡಿ ಹೇಳಿದ್ದಲ್ವಾ? ಕದಿಯಲಿಲ್ಲ ಅಂತ ಗೊತ್ತಿದ್ದರೂ, ಆ ಮಗು ಅಷ್ಟು ನರಳಿದ್ದು ನನ್ನ ಕೈಯಿಂದಲೇ ಅಂತ ನಂಬಿಬಿಟ್ಟೆ. ಪ್ರತಿ ವಾರ ಪಾಪನಿವೇದನೆಯಲ್ಲಿ ಅದನ್ನು ಹೇಳ್ತಾ ಬಂದೆ.”

ಮ್ಯಾಕ್ಸಿಮ್ ಜೋಡಿಸಿಕೊಂಡು ಬಂದಿದ್ದ ಮಾತಿನಲ್ಲಿ ಇನ್ನು ಉಳಿದದ್ದು ಒಂದೇ, ಕ್ಷಮಿಸಬೇಕು ಎಂಬುದು. ಅದು ಬಾಯಿಯವರೆಗೆ ಬಂತು. ಎದುರು ನಿಂತವಳು ಐದು ವರ್ಷ ಪ್ರತಿ ವಾರ ಮೊಣಕಾಲೂರಿ ಕೇಳಿದ್ದು ತನ್ನ ಪಾಪಕ್ಕೆ ಕ್ಷಮೆ. ಈಗ ಅವಳನ್ನೇ ಕ್ಷಮೆ ಕೇಳಿ, ಅವಳು ಹೂಂ ಎಂದರೆ, ತಾನು ಹಗುರವಾಗಿ ಮನೆಗೆ ಹೋಗಬಹುದು. ಅವಳ ಮದುವೆ, ಅವಳ ಕೆಲಸ, ಅವಳ ಕೈ ಎಲ್ಲ ತೆಗೆದುಕೊಂಡದ್ದು ಸಾಲದೆ ಇದನ್ನೂ ಕೇಳಬೇಕೇ ಎಂದು ಅವನಿಗೆ ಅನ್ನಿಸಿತು. ನಾಚಿಕೆ ಎಂದರೆ ಏನೆಂದು ಪ್ರಯೋಗಶಾಲೆಯ ತೊಟ್ಟಿಯ ಎದುರು ತಿಳಿದೆನೆಂದುಕೊಂಡಿದ್ದ. ತಿಳಿದಿರಲಿಲ್ಲ.

ಅವನು ಬಗ್ಗಿ, ಮಂಚದ ಅಂಚಿನಲ್ಲಿದ್ದ ಬಟ್ಟೆಯನ್ನು ತೆಗೆದುಕೊಂಡು ನೆಲಕ್ಕೆ ಚೆಲ್ಲಿದ ಮದ್ದನ್ನು ಒರೆಸತೊಡಗಿದ. ಕ್ಲಾರಾಬಾಯಿ ಬೇಡವೆಂದಳು, ಝೀಟಾ ಬೇಡವೆನ್ನಲಿಲ್ಲ. ಅವನು ಒರೆಸಿ ಮುಗಿಸುವವರೆಗೆ ನೋಡುತ್ತ ನಿಂತಿದ್ದು, ಉಡುಪಿಗೆ ಐದು ಗಂಟೆಗೆ ಬಸ್ಸು ಉಂಟು ಎಂದಳು.